ಸೆನ್ಸರ್‌ಗೆ ಇಟ್ಟ ಕುಂಕುಮ

ನಮ್ಮ ಹಳೇ ಕಾರಿನ ಮೀಟರ್ ಪಕ್ಕ ಹಳದಿ ದೀಪ ಹತ್ಕೊಂಡು ತಿಂಗಳಾಗಿತ್ತು. ಹೊಗೆ ಕೊಳವೇಲಿರೋ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದ ಮೆಕ್ಯಾನಿಕ್. ಇಷ್ಟಕ್ಕೆ ಅವನ್ಯಾಕೆ ಅಂತ ನೆಲಮಂಗಲದಿಂದ ಹೊಸದು ತಂದು, ಮನೆ ಮುಂದೆ ನಾನೇ ಕಾರಿನಡಿ ತೂರ್ಕೊಂಡೆ. ಪೆಟ್ಟಿಗೆ ಮೇಲೆ ಒಂದೇ ಎಚ್ಚರಿಕೆ ಇತ್ತು: ಸೆನ್ಸರ್ ತುದಿಗೆ ಕೈ ತಾಕಿಸಬೇಡಿ, ಜಿಡ್ಡು ಸೋಕಬಾರದು.

ತುಕ್ಕು ಹಿಡಿದ ಹಳೇದನ್ನ ಬಿಚ್ಚೋಷ್ಟರಲ್ಲಿ ಸೊಂಟ ಬಿದ್ದೋಯ್ತು. ಈಚೆ ಬಂದು ನೋಡಿದ್ರೆ ಹೊಸದು ನಾಪತ್ತೆ. ಕೊನೆಗೆ ದೇವರ ಮನೇಲಿ ಸಿಕ್ತು. ಅರಿಶಿನ, ಕುಂಕುಮ, ಅದರ ವೈರ್‌ಗೆ ಒಂದು ಗೇಣು ಕನಕಾಂಬರ.

"ಅಮ್ಮಾ! ಅದರ ತುದಿ ಮುಟ್ಟಂಗಿಲ್ಲ!" ಅಂತ ಕಿರುಚಿದೆ.

"ಹೊಸ ಸಾಮಾನು ಪೂಜೆ ಇಲ್ದೆ ಹಾಕ್ತಾರೇನೋ? ತುದಿಗೆ ಪ್ಲಾಸ್ಟಿಕ್ ಟೋಪಿ ಐತಲ್ಲ, ನಾನು ಕುಂಕುಮ ಇಟ್ಟಿದ್ದು ಟೋಪಿಗೆ," ಅಂದ್ಲು ಅಮ್ಮ.

ನಾನು ನಂಬಲಿಲ್ಲ. ಟೋಪಿ ಕಿತ್ತೆ. ತುದಿ ಫಳಫಳ ಹೊಳೀತಿತ್ತು. ಆದ್ರೂ ಕುಂಕುಮ ಒಳಗಿಳಿದಿದ್ಯೇನೋ ಅಂತ ಬೆರಳಲ್ಲಿ ಚೆನ್ನಾಗಿ ಸವರಿ ನೋಡಿದೆ. ಅಮ್ಮ ನನ್ನ ಕೈಯನ್ನೇ ನೋಡ್ತಿದ್ಲು. ಮೊಣಕೈವರೆಗೂ ಗ್ರೀಸು.

ಸೆನ್ಸರ್ ಹಾಕಿದ್ದಾಯ್ತು, ದೀಪ ಮಾತ್ರ ಆರಲಿಲ್ಲ. ಅಮ್ಮ ಈಗ ಕಾರು ಹತ್ತಿದಾಗೆಲ್ಲ ಆ ನಂದಾದೀಪಕ್ಕೆ ಕೈ ಮುಗೀತಾಳೆ.