ಕಣದ ಮೇಲಿನ ಚೆಂಡಿನ ಗುರುತು

ನಮ್ಮೂರಿನ ಕ್ರಿಕೆಟ್ ತಂಡಕ್ಕೆ ಬೌಲರ್‌ಗಳನ್ನು ಆರಿಸುತ್ತಿದ್ದವಳು ನನ್ನ ಅಜ್ಜಿ. ಇದನ್ನು ಹೇಳಿದರೆ ಈಗಲೂ ಕೆಲವರು ನಗುತ್ತಾರೆ. ನಗಲಿ. ಬ್ಯಾಟನ್ನು ಯಾವ ತುದಿಯಲ್ಲಿ ಹಿಡಿಯಬೇಕೆಂದು ಅವಳಿಗೆ ಗೊತ್ತಿರಲಿಲ್ಲ, ಔಟಾದವನು ಯಾಕೆ ಹೊರಗೆ ಹೋಗಬೇಕೆಂಬುದೂ ಕೊನೆಯವರೆಗೆ ಅರ್ಥವಾಗಲಿಲ್ಲ. ಆದರೆ ಚೆಂಡು ಎಲ್ಲಿ ಬಿತ್ತು ಅನ್ನುವ ವಿಚಾರದಲ್ಲಿ ಅವಳ ಕಣ್ಣು ತಪ್ಪಿದ್ದನ್ನು ನಾನು ನೋಡಿಲ್ಲ.

ಹುಣಸೂರಿನಿಂದ ಕಟ್ಟೆಮಳಲವಾಡಿಯ ಕಡೆಗೆ ಬಂದು ಒಳಕ್ಕೆ ತಿರುಗಿದರೆ ನಮ್ಮೂರು. ಊರಂಚಿನಲ್ಲಿ ನಮ್ಮ ಮನೆಯ ಕಣವಿತ್ತು. ಸುಗ್ಗಿಗೆ ಮುಂಚೆ ಅಜ್ಜಿ ಆ ನೆಲ ಕೆತ್ತಿಸಿ, ನೀರು ಹಾಕಿ, ದಿಮ್ಮಸಿನಿಂದ ಬಡಿಸಿ, ಸಗಣಿ ಸಾರಿಸಿ ಸಿದ್ಧ ಮಾಡುತ್ತಿದ್ದಳು. ರಾಗಿ ಒಕ್ಕಿ ತೂರುವವರೆಗೆ ಅಲ್ಲಿ ಚಪ್ಪಲಿ ಹಾಕಿಕೊಂಡು ಯಾರೂ ಇಳಿಯುವಂತಿಲ್ಲ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಊರವರೆಲ್ಲ ರಾಗಿ ತೆನೆಯನ್ನು ಟಾರು ರಸ್ತೆಯ ಮೇಲೆ ಹರಡತೊಡಗಿದರು. ಬಸ್ಸು ಲಾರಿಗಳು ಅದರ ಮೇಲೆ ಓಡಾಡಿ ಪುಕ್ಕಟೆ ಒಕ್ಕಣೆ ಮಾಡಿಕೊಟ್ಟವು, ಡ್ರೈವರ್‌ಗಳು ಅದರ ಜೊತೆಗೆ ಪುಕ್ಕಟೆ ಬೈಗುಳವನ್ನೂ ಕೊಟ್ಟರು. ಅಪ್ಪನೂ ರಸ್ತೆಗೇ ಹೋದ. ಕಣ ಖಾಲಿ ಬಿತ್ತು. ಅಪ್ಪ ಅದರ ಮೇಲೆ ಚಪ್ಪಲಿ ಹಾಕಿಕೊಂಡೇ ಅಡ್ಡಾಡಲು ಶುರು ಮಾಡಿದ. ಅಜ್ಜಿಗೆ ರಾಗಿ ರಸ್ತೆಗೆ ಹೋದದ್ದಕ್ಕಿಂತ ಹೆಚ್ಚು ನೋವಾದದ್ದು ಈ ಚಪ್ಪಲಿಯಿಂದ.

ಅದೇ ಸಮಯಕ್ಕೆ ಊರಿನ ತಂಡವೂ ಖಾಲಿ ಬಿದ್ದಿತ್ತು. ಅದುವರೆಗೆ ನಮ್ಮಲ್ಲಿ ನಾಲ್ಕು ಜನ ಹೆಸರುವಾಸಿ ಬೌಲರ್‌ಗಳಿದ್ದರು. ಒಬ್ಬ ಪೊಲೀಸ್ ಕೆಲಸಕ್ಕೆ ಸೇರಿದ, ಒಬ್ಬ ಬಸ್ ಡ್ರೈವರಾದ, ಒಬ್ಬ ಕಂಪಲಾಪುರಕ್ಕೆ ಮನೆ ಅಳಿಯನಾಗಿ ಹೋದ. ನಾಲ್ಕನೆಯವನು ಹೊಗೆಸೊಪ್ಪಿನ ಮೂಟೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡ. ಉಳಿದದ್ದು ಹೈಸ್ಕೂಲಿನ ಹುಡುಗರು. ‘ಇನ್ನು ನಮ್ಮೂರ ಟೀಮು ಮುಗೀತು’ ಎಂದು ಟೀ ಅಂಗಡಿಯಲ್ಲಿ ತೀರ್ಮಾನವಾಯಿತು. ಆ ಹುಡುಗರು ಬಂದು ಕಣ ಕೇಳಿದಾಗ ಅಜ್ಜಿ ಒಂದೇ ಒಂದು ಮಾತು ಹೇಳಿದಳು.

“ಆಡ್ಕಳಿ. ಆದ್ರೆ ಚಪ್ಲಿ ಆಕಂಡು ಇಳಿದ್ರೆ ಕಾಲು ಮುರೀತೀನಿ.”

ಹೀಗೆ ನಮ್ಮ ಹೊಸ ಬೌಲರ್‌ಗಳೆಲ್ಲ ಬರಿಗಾಲಲ್ಲಿ ತಯಾರಾದರು. ನಾನಾಗ ಒಂಬತ್ತನೇ ಕ್ಲಾಸು. ಓವರಿಗೆ ಎಷ್ಟು ಚೆಂಡಾಯಿತು ಎಂದು ದಿನಾ ಕಿತ್ತಾಡುತ್ತಿದ್ದ ಅವರಿಗೆ ಲೆಕ್ಕ ಇಡುವವರು ಬೇಕಿತ್ತು. ನನ್ನ ಬಾಯಿಗೆ ಅವರೆಲ್ಲ ಹೆದರುತ್ತಿದ್ದರು, ಹಾಗಾಗಿ ಸ್ಕೋರ್ ಪುಸ್ತಕ ನನ್ನ ಕೈಗೆ ಬಂತು.

ಪ್ರತಿ ಸೋಮವಾರ ಅಜ್ಜಿ ಕಣ ಸಾರಿಸುತ್ತಿದ್ದಳು. ಒಕ್ಕಣೆ ಇಲ್ಲದಿದ್ದರೂ ಅವಳ ಕೈಗೆ ಆ ಕೆಲಸ ಮರಳಿ ಸಿಕ್ಕಿತ್ತು. ಸಾರಿಸಿ ಒಣಗಿದ ನೆಲದ ಮೇಲೆ ಚೆಂಡು ಬಿದ್ದ ಕಡೆಯೆಲ್ಲ ಪುಟ್ಟ ಪುಟ್ಟ ಗುರುತು ಮೂಡುತ್ತವೆ. ಅವುಗಳನ್ನು ಶಪಿಸುತ್ತಾ ಮುಚ್ಚುತ್ತಿದ್ದವಳು ಒಂದು ದಿನ ಹಾಗೇ ಕುಕ್ಕರುಗಾಲಲ್ಲಿ ಕುಳಿತುಬಿಟ್ಟಳು.

“ಮಗ, ನೆನ್ನೆ ಈ ಕಡೆಯಿಂದ ಆಕಿದ್ ಉಡ್ಗ ಯಾರು?”

ಉದ್ದನೆಯ ಹುಡುಗನೊಬ್ಬ, ಮೀಸೆ ಇನ್ನೂ ಮೂಡಿರಲಿಲ್ಲ. ನಾನು ಹೇಳಿದೆ.

“ಅವ್ನು ಆಕಿದ್ದು ನೋಡು. ಎಲ್ಲಾ ಒಂದೇ ಅಂಗೈ ಅಗ್ಲದಲ್ಲಿ ಅವೆ. ಮಿಕ್ಕೋರ್ದು ಕೋಳಿ ಕೆದಕ್ದಂಗದೆ.”

ಅಲ್ಲಿಂದ ಶುರುವಾಯಿತು. ಅಜ್ಜಿ ಸಾರಿಸಿದ ನೆಲದ ಮೇಲೆ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿ ಒಬ್ಬೊಬ್ಬನಿಂದ ಹನ್ನೆರಡು ಚೆಂಡು ಹಾಕಿಸುತ್ತಿದ್ದಳು. ಗುರುತು ನೋಡಿ, ಪೊರಕೆಯಾಡಿಸಿ, ಮತ್ತೆ ಬೂದಿ ಉದುರಿಸಿ ಇನ್ನೊಬ್ಬನನ್ನು ಕರೆಯುತ್ತಿದ್ದಳು. ಹಿಟ್ಟಿನ ಗಿರಣಿಯವರ ಮಗ ಸ್ಪಿನ್ ಹಾಕುತ್ತಿದ್ದ. ಅವನ ಗುರುತುಗಳು ಒಂದು ಕಡೆಗೆ ಎಳೆದ ಹಾಗಿರುತ್ತವೆ ಎಂದು ಮೊದಲು ಕಂಡುಹಿಡಿದವಳು ಅವಳೇ. ಹದಿಮೂರು ವರ್ಷದ ಎಡಚ ಒಬ್ಬನಿದ್ದ. ಅವನು ಹಾಕಿದ್ದರಲ್ಲಿ ಹತ್ತು ಎಲ್ಲೆಲ್ಲೋ, ಎರಡು ಮಾತ್ರ ಬಿದ್ದ ಜಾಗದಿಂದ ಯಾರೂ ಎಣಿಸದ ಕಡೆಗೆ ಚಿಮ್ಮುತ್ತಿದ್ದವು.

“ಇವ್ನು ಬತ್ತಾನೆ,” ಅಂದಳು ಅಜ್ಜಿ. “ಈಗಲ್ಲ. ಗುರ್ತು ಇನ್ನೂ ನಿಂತಿಲ್ಲ.”

ಹೀಗೆ ಮೂರು ವರ್ಷ ಕಳೆದವು ಎಂದರೆ ಸುಳ್ಳಾಗುತ್ತದೆ. ಒಂದು ವರ್ಷವೂ ತುಂಬುವ ಮೊದಲೇ ಅಪ್ಪನಿಗೆ ಹೊಗೆಸೊಪ್ಪು ಬೆಳೆಯುವ ಲೈಸೆನ್ಸ್ ಸಿಕ್ಕಿತು. ಸೊಪ್ಪು ಬೇಯಿಸಿ ಹದ ಮಾಡಲು ಬ್ಯಾರನ್ ಬೇಕು, ಅಂದರೆ ಒಳಗೆ ಬೆಂಕಿಯ ಕಾವು ಕೊಡುವ ಇಟ್ಟಿಗೆಯ ಕಟ್ಟಡ. ಎತ್ತರದ ಜಾಗ, ನೀರು ನಿಲ್ಲುವುದಿಲ್ಲ, ಗಾಡಿ ದಾರಿ ಪಕ್ಕದಲ್ಲೇ ಇದೆ. ಇದನ್ನೆಲ್ಲ ನೋಡಿ ಅಪ್ಪ ಆರಿಸಿದ್ದು ಕಣವನ್ನು. ಹುಣಸೆಮರದ ಹತ್ತಿರ ಇನ್ನೊಂದು ಜಾಗವಿತ್ತು, ಅದು ತಗ್ಗು. ಮಾಘ ಮಾಸದಲ್ಲಿ ಇಟ್ಟಿಗೆ ಬಂದು ಬಿತ್ತು. ಗಾರೆಯವನು ಯಾವತ್ತು ಬರಲಿ ಎಂದು ಕೇಳಿ ಹೋದ. ಅಪ್ಪನ ಲೆಕ್ಕ ತಪ್ಪು ಅಂತ ನಾನು ಹೇಳಲಾರೆ, ನಮ್ಮ ಮನೆಗೆ ಆ ಬ್ಯಾರನ್ ಬೇಕೇ ಬೇಕಿತ್ತು. ಆದರೂ ನಾನು ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟೆ. ಅಪ್ಪನಿಗೆ ಅದು ಗೊತ್ತಾಗಲೇ ಇಲ್ಲ.

ಅಜ್ಜಿ ಅಳಲಿಲ್ಲ, ಕೂಗಾಡಲಿಲ್ಲ. ಹುಣಸೂರಿನಲ್ಲಿ ಟೂರ್ನಮೆಂಟ್ ಇತ್ತು, ಭಾನುವಾರಕ್ಕೊಂದು ಆಟ, ಸೋತವರು ಹೊರಕ್ಕೆ. ನಮ್ಮ ಹುಡುಗರು ಹೆಸರು ಕೊಟ್ಟಿದ್ದರು.

“ಐಕ್ಳು ಸೋತು ಮನೆಗ್ ಬರೋಗಂಟ ಕಣಕ್ಕೆ ಗುದ್ಲಿ ಆಕ್ಬ್ಯಾಡ ಕಣಪ್ಪ,” ಅಂದಳು.

ಅಪ್ಪ ಜೋರಾಗಿ ನಕ್ಕ. “ಆಯ್ತು ಬುಡವ್ವ. ಬರೋ ಭಾನ್ವಾರನೇ ಸೋತು ಬತ್ತವೆ. ಒಂದ್ ವಾರದಲ್ಲಿ ಏನಾಯ್ತದೆ?”

ಮೊದಲ ಭಾನುವಾರ ಅಪ್ಪ ಸ್ವತಃ ಹೊರಟ, ಸೋಲುವುದನ್ನು ಕಣ್ಣಾರೆ ನೋಡಿ ಅಲ್ಲಿಂದಲೇ ಗಾರೆಯವನ ಮನೆಗೆ ಹೋಗುವ ಅಂದಾಜಿನಲ್ಲಿ. ಸ್ಕೋರ್ ಪುಸ್ತಕ ಹಿಡಿದು ನಾನು ಮೊಪೆಡ್ಡಿನ ಹಿಂದೆ ಕೂತೆ. ಪಿರಿಯಾಪಟ್ಟಣದ ತಂಡ ನಮ್ಮ ಹುಡುಗರನ್ನು ನೋಡಿ ‘ಅಂಗನವಾಡಿ ಬಂತು ಕಣ್ರೋ’ ಎಂದಿತು. ಉದ್ದನೆಯ ಹುಡುಗ ಮೂರು ಓವರಿನಲ್ಲಿ ಅವರ ಬಾಯಿ ಮುಚ್ಚಿಸಿದ. ನಾವು ಗೆದ್ದೆವು. ಅಪ್ಪ ಗಾರೆಯವನ ಮನೆಗೆ ಹೋಗಿ ಇನ್ನೊಂದು ವಾರ ಕಾಯಬೇಕೆಂದು ಹೇಳಿ ಬಂದ.

ಅಜ್ಜಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳಿಗೆ ರನ್ನು ವಿಕೆಟ್ಟು ಬೇಕಿರಲಿಲ್ಲ. “ಎಲ್ಲಿಗ್ ಬಿತ್ತು?” ಅನ್ನುವುದೊಂದೇ ಪ್ರಶ್ನೆ. ಹಾಗಾಗಿ ನಾನು ಪುಸ್ತಕದ ಎಡಪುಟದಲ್ಲಿ ಸ್ಕೋರು ಬರೆದು, ಬಲಪುಟದಲ್ಲಿ ಪಿಚ್ಚಿನ ಗೆರೆ ಎಳೆದು ಪ್ರತಿ ಚೆಂಡು ಬಿದ್ದ ಕಡೆಗೂ ಒಂದು ಚುಕ್ಕಿ ಇಟ್ಟಿದ್ದೆ. ಅಕ್ಷರ ಬಾರದ ಅಜ್ಜಿ ಆ ಪುಟವನ್ನು ದೀಪದ ಬುಡದಲ್ಲಿ ಹಿಡಿದು ಬೆರಳಾಡಿಸಿ ಓದಿದಳು.

ಎರಡನೇ ಭಾನುವಾರವೂ ಗೆದ್ದೆವು. ಆವತ್ತು ಗಿರಣಿಯ ಹುಡುಗನ ದಿನ. ಇಟ್ಟಿಗೆಗಳ ಮೇಲೆ ನಮ್ಮ ಕೋಳಿಗಳು ಮಲಗಲು ಅಭ್ಯಾಸ ಮಾಡಿಕೊಂಡವು. ಗಾರೆಯವನು ಬಂದು, “ಏನ್ ಗೌಡ್ರೇ, ಕಟ್ಟೋ ಮನಸೈತೋ ಇಲ್ವೋ?” ಎಂದ. ಅಪ್ಪ ಮುಖ ಗಂಟು ಹಾಕಿಕೊಂಡು, “ಅವರು ಸೋಲ್ಲಿ ತಡಿಯಪ್ಪ,” ಎಂದ.

ಮೂರನೇ ಭಾನುವಾರ ಸೆಮಿಫೈನಲ್, ಕೆ.ಆರ್. ನಗರದವರ ಮೇಲೆ. ಅದುವರೆಗೆ ಬರೀ ನೆಲದ ಮೇಲೆ ಆಟವಾಗಿತ್ತು. ಆವತ್ತು ನಾರಿನ ಮ್ಯಾಟ್ ಹಾಸಿ ಸುತ್ತ ಮೊಳೆ ಹೊಡೆದಿದ್ದರು. ಎಲ್ಲರೂ ಕ್ಯಾನ್ವಾಸ್ ಬೂಟು ಹಾಕಲೇಬೇಕು ಎಂದರು. ನಮ್ಮ ಹುಡುಗರು ಕಂಡಕಂಡವರ ಹತ್ತಿರ ಕಾಡಿ ಬೂಟು ತಂದರು. ಉದ್ದನೆಯ ಹುಡುಗನಿಗೆ ಸಿಕ್ಕಿದ್ದು ಡ್ರಿಲ್ ಮೇಷ್ಟ್ರದು, ಎರಡು ಅಳತೆ ದೊಡ್ಡದು, ತುದಿಗೆ ನ್ಯೂಸ್ ಪೇಪರ್ ತುರುಕಿದ್ದ. ಬ್ಯಾಟಿಂಗ್ ಹೇಗೋ ಮುಗಿಯಿತು. ಬೌಲಿಂಗ್ ಶುರುವಾದ ಮೇಲೆ ನನ್ನ ಬಲಪುಟ ನೋಡಬೇಕಿತ್ತು. ಕೋಳಿ ಕೆದಕಿದ್ದೂ ಅದಕ್ಕಿಂತ ವಾಸಿ. ವೈಡು, ನೋಬಾಲು, ಮತ್ತೆ ವೈಡು. ನಾಲ್ಕು ಓವರಿಗೇ ಆಟ ಕೈಬಿಟ್ಟು ಹೋಗುವ ಹಾಗಾಯಿತು.

ಅಪ್ಪ ನನ್ನ ಪಕ್ಕದಲ್ಲಿ ಕೂತಿದ್ದ. ಅವನು ಕಾಯುತ್ತಿದ್ದ ಸೋಲು ಕಣ್ಣೆದುರೇ ಬರುತ್ತಿತ್ತು. ನಾನು ತಿರುಗಿ ನೋಡಿದೆ, ಖುಷಿಯಾಗಿದ್ದರೆ ಎರಡು ಮಾತು ಅನ್ನೋಣವೆಂದು. ಅಪ್ಪ ಟವೆಲಿನ ಅಂಚು ಕಚ್ಚಿಕೊಂಡಿದ್ದ. ಉದ್ದನೆಯ ಹುಡುಗ ಓಡಿ ಬಂದು ಬೂಟು ತೊಡರಿ ಮಂಡಿಯೂರಿ ಬಿದ್ದ. ಸುತ್ತ ಇದ್ದವರೆಲ್ಲ ಹೋ ಎಂದು ನಕ್ಕರು. ಅಪ್ಪ ಎದ್ದು ನಿಂತು, ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಕೂಗುವ ದನಿಯಲ್ಲಿ ಕೂಗಿದ.

“ಬಿಚ್ಚಾಕ್ಲಾ ಆ ಬೂಟಾ! ಕಣದಲ್ಲಿ ಆಕ್ದಂಗ್ ಆಕು!”

ಅಂಪೈರ್ ಬಂದರು. ಮೊಳೆ ಚುಚ್ಚಿದರೆ ಯಾರು ಹೊಣೆ ಎಂದು ಕೇಳಿದರು. ಅಪ್ಪ, “ನಾನ್ ಒಣೆ ಕಣ್ರೀ, ಬರ್ಕಳಿ,” ಎಂದು ನನ್ನ ಪುಸ್ತಕವನ್ನೇ ಕಿತ್ತುಕೊಂಡು ಕೊನೆಯ ಹಾಳೆಯಲ್ಲಿ ರುಜು ಹಾಕಿಕೊಟ್ಟ. ಹಾಗೆ ರುಜು ಹಾಕಿದಾಗ ತನ್ನ ಬ್ಯಾರನ್ನನ್ನು ತಾನೇ ಒಂದು ವಾರ ಮುಂದೆ ತಳ್ಳುತ್ತಿದ್ದೇನೆ ಎಂಬುದು ಅವನಿಗೆ ಹೊಳೆದಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ನಮ್ಮ ಐದು ಜನ ಬೌಲರ್‌ಗಳ ಬೂಟು ಜೋಡಿಗಳೂ ಬೌಂಡರಿಯ ಆಚೆ ಬಿದ್ದವು. ಅಲ್ಲಿಂದ ಮುಂದಿನ ಚುಕ್ಕಿಗಳನ್ನು ನಾನು ಒಂದರ ಮೇಲೊಂದು ಇಡಬೇಕಾಯಿತು. ಮೂರು ರನ್ನಿನಿಂದ ಗೆದ್ದೆವು. ಅಪ್ಪ ಎಲ್ಲರಿಗೂ ಕಬ್ಬಿನ ಹಾಲು ಕುಡಿಸಿದ.

ಫೈನಲ್ ಹೆಗ್ಗಡದೇವನಕೋಟೆಯ ತಂಡದ ಮೇಲೆ. ಅವರು ನಮಗಿಂತ ಚೆನ್ನಾಗಿ ಆಡಿದರು, ನಾವು ಸೋತೆವು, ಅದರಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಆದರೆ ಆಟದ ನಡುವೆ ಉದ್ದನೆಯ ಹುಡುಗನ ಬರಿಗಾಲಿಗೆ ಮ್ಯಾಟಿನ ಮೊಳೆ ತಾಗಿತು. ಹೊಣೆ ಹೊತ್ತಿದ್ದ ಅಪ್ಪ ತನ್ನ ಟವೆಲು ಹರಿದು ಕಟ್ಟಿದ. ಹುಡುಗನ ಬದಲು ಒಂದು ಓವರ್ ಹಾಕಲು ನೀರು ಕೊಡಲೆಂದು ಬಂದಿದ್ದ ಎಡಚನನ್ನು ಕಳಿಸಿದರು. ಬದಲಿಗೆ ಬಂದವನು ಬೌಲಿಂಗ್ ಮಾಡುವಂತಿಲ್ಲ, ಆದರೆ ಅಷ್ಟು ಚಿಕ್ಕವನನ್ನು ನೋಡಿ ಅವರ ನಾಯಕ ನಕ್ಕು ಒಪ್ಪಿಕೊಂಡ. ಮೊದಲನೆಯದು ಸಿಕ್ಸರ್. ಎರಡನೆಯದೂ ಸಿಕ್ಸರ್. ಮೂರನೆಯದು ಎಲ್ಲೋ ಹೊರಗೆ ಬಿದ್ದು ಒಳಕ್ಕೆ ನುಗ್ಗಿ ಅವರ ನಾಯಕನ ನಡು ವಿಕೆಟ್ಟನ್ನು ಎತ್ತಿ ಹಿಂದಕ್ಕೆ ಹಾಕಿತು. ನಾಯಕ ತುಸು ಹೊತ್ತು ಅಲ್ಲೇ ನಿಂತು ಮ್ಯಾಟನ್ನು ನೋಡಿದ.

ವಾಪಸು ಬರುವಾಗ ಊರ ತಿರುವಿನಲ್ಲಿ ಅಪ್ಪ ಗಾಡಿ ನಿಲ್ಲಿಸಿ, “ಆ ಮೂರ್ನೇದು ಎಲ್ಲಿಗ್ ಬಿದ್ದಿದ್ದು, ತೋರ್ಸು,” ಎಂದ. ನಾನು ಚುಕ್ಕಿ ತೋರಿಸಿದೆ. ಅಪ್ಪ ಅದನ್ನು ಬಹಳ ಹೊತ್ತು ನೋಡಿದ.

ಮಾರನೆಯ ದಿನ ಸೋಮವಾರ. ಗಾರೆಯವನು ದಾರದ ಉಂಡೆ, ಸುಣ್ಣದ ಪುಡಿ ಹಿಡಿದು ಬೆಳಿಗ್ಗೆಯೇ ಬಂದ. ಅಜ್ಜಿ ಎಂದಿನ ಹಾಗೆ ಕಣ ಸಾರಿಸುತ್ತಿದ್ದಳು, ಇನ್ನೊಂದು ಗಳಿಗೆಗೆ ಅಗೆಯುವ ನೆಲವನ್ನು. ನಾನು ಸಗಣಿ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಮಾತು ಕೊಟ್ಟಾಗಿತ್ತು, ಹುಡುಗರು ಸೋತಾಗಿತ್ತು, ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಅಪ್ಪ ಬಂದು ಕಣದ ಅಂಚಿನಲ್ಲಿ ನಿಂತ.

“ಅವ್ವಾ, ಆ ಎಡಚನ್ ಗುರ್ತು ನಿಲ್ಲಕ್ಕೆ ಇನ್ನೂ ಎಸ್ಟ್ ದಿನ ಬೇಕು?”

ಅಜ್ಜಿ ತಲೆ ಎತ್ತಲಿಲ್ಲ. “ಇನ್ನೊಂದು ವರ್ಸ. ಎಲ್ಡು ಅಂದ್ಕೊ.”

ಅಪ್ಪ ಗಾರೆಯವನ ಕಡೆ ತಿರುಗಿದ. “ನಡಿ, ಉಣ್ಸೇಮರದ್ ತಾವ ದಾರ ಕಟ್ಟು. ಬ್ಯಾರನ್ ಅಲ್ಲಾಗ್ಲಿ.”

“ಅಲ್ಲಿ ನೀರ್ ನಿಂತ್ಕತದೆ ಅಂತಿದ್ರಿ?”

“ಮಣ್ ಒಡ್ಸಿ ಎತ್ರ ಮಾಡಾನ. ಈಗಿರೋ ಐಕ್ಳ ಕಟ್ಕಂಡು ಬರೋ ವರ್ಸ ಗೆಲ್ಬೋದು ಕಣಯ್ಯ. ಆ ಎಡಚ ಒಬ್ಬ ತಯಾರಾಗ್ಬುಟ್ರೆ...”

ಗಾರೆಯವನು ಇವರಿಗೇನಾಯಿತು ಎಂಬಂತೆ ನೋಡಿ ಹುಣಸೆಮರದ ಕಡೆ ನಡೆದ. ಅಪ್ಪ ಹೋಗಲಿಲ್ಲ. ಅಜ್ಜಿ ಇನ್ನೂ ಸಾರಿಸದ ಭಾಗದಲ್ಲಿ ಹಳೆಯ ಗುರುತುಗಳಿದ್ದವು, ಅವುಗಳಲ್ಲಿ ಎಡಚನದು ಯಾವುದೆಂದು ಅವನಿಗೆ ನೋಡಬೇಕಿತ್ತು. ಅಜ್ಜಿಯ ಕೈ ನಿಂತಿತು. ಅಪ್ಪನ ಕಾಲನ್ನೇ ನೋಡುತ್ತಾ ಅವಳು ಕಾದಳು, ನಾನೂ ಕಾದೆ.

ಅಪ್ಪ ಚಪ್ಪಲಿ ಬಿಟ್ಟು ಕಣಕ್ಕೆ ಇಳಿದ.