ನಾನೂರು ಕಾಯಿ ಸುಲಿದು ಪಾಠಕ್ಕೆ ಹೊರಡುವ ಮೇಷ್ಟ್ರು

ಬೆಳಗಿನ ಐದು ಗಂಟೆ. ಹೊಸದುರ್ಗ ತಾಲ್ಲೂಕಿನ ಮತ್ತೋಡು ಕಡೆಯ ಒಂದು ಹಳ್ಳಿ. ಕಾಯಿ ವ್ಯಾಪಾರಿ ಗಂಗಾಧರಪ್ಪನವರ ಶೆಡ್ಡಿನಲ್ಲಿ ಒಂದೇ ಬಲ್ಬು ಉರಿಯುತ್ತಿದೆ. ಅದರ ಕೆಳಗೆ ನೆಲಕ್ಕೆ ನೆಟ್ಟ ಏಳು ಕಬ್ಬಿಣದ ಹಾರೆಗಳು, ಏಳು ಜನ. ಮೂಲೆಯ ಹಾರೆಯ ಮುಂದೆ ನಿಂತ ತಿಪ್ಪೇಶ್ ಎರಡೂ ಕೈಯಲ್ಲಿ ತೆಂಗಿನಕಾಯಿ ಎತ್ತಿ ಚೂಪಿಗೆ ಕುಕ್ಕುತ್ತಾರೆ, ಮಣಿಕಟ್ಟು ತಿರುವುತ್ತಾರೆ, ಮಟ್ಟೆ ಚರ್ರೆಂದು ಬಿಡುತ್ತದೆ. ಮೂರು ಸಲ ಕುಕ್ಕಿ ಮೂರು ಸಲ ತಿರುವಿದರೆ ಜುಟ್ಟು ಮಾತ್ರ ಉಳಿದ ಕಾಯಿ ರಾಶಿಗೆ ಬೀಳುತ್ತದೆ. ಹೋದ ತಿಂಗಳು ಬಂದಿದ್ದರೆ ಇದೇ ಜಾಗದಲ್ಲಿ ಕಣ್ಣೆರಡು ಬಿಟ್ಟು ಮುಖಕ್ಕೆಲ್ಲ ಟವೆಲ್ಲು ಸುತ್ತಿಕೊಂಡ ಒಬ್ಬ ಆಳು ಕಾಣುತ್ತಿದ್ದ. ಇಂದು ಟವೆಲ್ಲು ಹೆಗಲ ಮೇಲಿದೆ.

ಎಂಟೂವರೆಗೆ ಅವರು ಹಾರೆ ಬಿಡುತ್ತಾರೆ. ಹತ್ತು ಗಂಟೆಗೆ ಇಲ್ಲಿಂದ ಇಪ್ಪತ್ತೆರಡು ಕಿಲೋಮೀಟರ್ ದೂರದ ಪದವಿಪೂರ್ವ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ ಮಕ್ಕಳಿಗೆ ಅರ್ಥಶಾಸ್ತ್ರ ಹೇಳಬೇಕು.

ತಿಪ್ಪೇಶ್‌ಗೆ ಮೂವತ್ತಾರು ವರ್ಷ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹುಟ್ಟೂರು. ಎಂ.ಎ., ಬಿ.ಇಡಿ. ಆಗಿದೆ. ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕರು. ಒಂಬತ್ತು ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿಯನ್ನು ನೀವು ಕಂಡಿದ್ದೀರಾ? ಬೇಸಿಗೆ ರಜೆ ಬಂತೆಂದರೆ ಅತಿಥಿ ಮನೆಗೆ ಹೋಗಬೇಕು, ಜೂನ್‌ನಲ್ಲಿ ಮತ್ತೆ ಅರ್ಜಿ ಹಾಕಿ ಬಾಗಿಲು ತಟ್ಟಬೇಕು. ಕಾಲೇಜು ನಡೆಯುವ ತಿಂಗಳುಗಳಿಗೆ ಮಾತ್ರ ಸಂಬಳ, ಅದೂ ಬಂದಾಗ ಬಂತು. ಮದುವೆಯಾಗಿ, ಮಗಳು ಹುಟ್ಟಿದ ಮೇಲೆ ಅದರಲ್ಲಿ ಸಂಸಾರ ತೂಗಲಿಲ್ಲ. ನಾಲ್ಕು ವರ್ಷದ ಹಿಂದೆ ಅವರು ಹಾರೆ ಹಿಡಿದರು.

"ಮೊದಲ್ನೇ ದಿನ ಎಪ್ಪತ್ತು ಕಾಯಿ ಸುಲಿಯೋಷ್ಟರಾಗೆ ಸೊಂಟ ಬಿದ್ದೋಯ್ತು. ಈಗ ನಾನೂರು ಆಗುತ್ತೆ. ಪಕ್ಕದ ಹಾರೆ ರಂಗಯ್ಯಾರು ಅಷ್ಟೊತ್ತಿಗೆ ಆರುನೂರು ದಾಟಿರ್ತಾರೆ," ಎನ್ನುತ್ತಾರೆ ತಿಪ್ಪೇಶ್.

ಕಾಲೇಜಿನ ಮಕ್ಕಳು ಯಾರೂ ಕಾಣಬಾರದೆಂದೇ ಇಷ್ಟು ದೂರದ ಶೆಡ್ಡು ಹುಡುಕಿದ್ದು. ಇಲ್ಲಿ ತಮ್ಮ ಹೆಸರು ಜುಂಜೇಶ್ ಎಂದೂ, ಏಳನೇ ಕ್ಲಾಸಿಗೆ ಫೇಲಾದವನೆಂದೂ ಹೇಳಿಕೊಂಡಿದ್ದರು. ಓದಿದ್ದನ್ನು ಹೀಗೆ ಕಳ್ಳಮಾಲಿನಂತೆ ಬಚ್ಚಿಟ್ಟುಕೊಂಡು ಓಡಾಡಬೇಕಾಗಿ ಬಂದದ್ದಕ್ಕೆ ಯಾರು ತಲೆ ತಗ್ಗಿಸಬೇಕೋ ಗೊತ್ತಿಲ್ಲ, ತಗ್ಗಿಸಿದ್ದು ಮಾತ್ರ ತಿಪ್ಪೇಶ್. ವಿಷಯ ಹೆಂಡತಿ ದಾಕ್ಷಾಯಿಣಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ತಾಳ್ಯದಲ್ಲಿರುವ ತಾಯಿ ಸರ್ವಮಂಗಳಮ್ಮ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ "ನನ್ ಮಗ ಲೆಕ್ಚರು" ಎಂದು ಹೇಳುತ್ತಲೇ ಇದ್ದರು.

ಹಸಿ ಮಟ್ಟೆಯ ಒಗರು ಕೈಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ, ಅಂಗೈ ಕಂದು ತಿರುಗುತ್ತದೆ. ಅದಕ್ಕೇ ಬೈಕಿನ ಪೆಟ್ಟಿಗೆಯಲ್ಲಿ ಒಂದು ಉಂಡೆ ಹುಣಸೆಹಣ್ಣು, ನಿಂಬೆಹೋಳು, ಒಂದು ಹಿಡಿ ನಾರು. ದಾರಿಯ ಬೋರ್‌ವೆಲ್ ಹತ್ತಿರ ನಿಂತು ಕಾಲು ಗಂಟೆ ತಿಕ್ಕುತ್ತಿದ್ದರು. ಅಂಗೈ ಬೆಳ್ಳಗಾಗುತ್ತಿತ್ತು, ಉಗುರಿನ ಸುತ್ತಲಿನ ಕರೆ ಮಾತ್ರ ಹೋಗುತ್ತಿರಲಿಲ್ಲ. ತುಂಬುತೋಳಿನ ಅಂಗಿ ತೊಟ್ಟು, ಎಡಗೈ ಪ್ಯಾಂಟಿನ ಜೇಬಿಗೆ ತುರುಕಿ, ಬಲಗೈಯಲ್ಲಿ ಚಾಕ್‌ಪೀಸು ಹಿಡಿದು ನಾಲ್ಕು ವರ್ಷ ಪಾಠ ಮಾಡಿದರು.

ಇನ್ನು ಅವರು ಕ್ಲಾಸಿನಲ್ಲಿ ಆಡಿದ ಒಂದು ಮಾತಿಗೆ ಬರೋಣ. ಅದನ್ನು ಹೇಳುವಾಗ ತಿಪ್ಪೇಶ್ ಎದುರಿನವರ ಮುಖ ನೋಡುವುದಿಲ್ಲ.

ಪಾಠ ಒಪ್ಪಿಸದ ಮಕ್ಕಳಿಗೆ ಬೇರೆ ಕಡೆಯ ಮೇಷ್ಟ್ರುಗಳು ದನ ಕಾಯಲು ಹೋಗು ಎನ್ನುತ್ತಾರೆ. ತೆಂಗಿನ ಸೀಮೆಯ ಬೈಗುಳ ಬೇರೆ. ಜನವರಿ ಮೊದಲ ವಾರ ಪರೀಕ್ಷೆಯ ತಯಾರಿ ನಡೆದಿತ್ತು. ನಿರುದ್ಯೋಗದ ಪಾಠ. ಪ್ರಶ್ನೆ ಕೇಳಿದಾಗ ಮೂರನೇ ಬೆಂಚಿನ ಮಂಗಳಾ ಎಂಬ ಹುಡುಗಿ ಎದ್ದು ಸುಮ್ಮನೆ ನಿಂತಳು. ಎರಡು ಬಸ್ಸು ಬದಲಾಯಿಸಿ ಬರುವವಳು, ಬಹುಶಃ ಏನೂ ತಿಂದಿರಲಿಲ್ಲ. ತಿಪ್ಪೇಶ್ ಅಂದರು: "ಓದಬೇಡ ಬಿಡಮ್ಮ, ನಾಳೆಯಿಂದ ಕಾಯಿ ಸುಲಿಯೋಕೆ ಹೋಗು." ಕ್ಲಾಸು ಗೊಳ್ಳೆಂದು ನಕ್ಕಿತು. ಅವರೂ ನಕ್ಕರು. ಅದೇ ಬೆಳಿಗ್ಗೆ ಮುನ್ನೂರ ತೊಂಬತ್ತು ಕಾಯಿ ಸುಲಿದು ಬಂದಿದ್ದರು.

"ಯಾಕಂದೆ ಅಂತ ಕೇಳಿದ್ರೆ ಏನ್ ಹೇಳ್ಲಿ. ನಮ್ ಮೇಷ್ಟ್ರು ನಮಗೆ ಅಂದಿದ್ರು, ನಾನೂ ಅಂದೆ. ನಾನು ಸುಲಿಯೋದು ಯಾರಿಗೂ ಗೊತ್ತಾಗಬಾರ್ದಲ್ಲ, ಅದಕ್ಕೇ ಒಂಚೂರು ಜೋರಾಗೇ ಅಂದೆ ಅನ್ಸುತ್ತೆ."

ಮಾರನೆಯ ದಿನದಿಂದ ಮೂರನೇ ಬೆಂಚಿನ ಆ ಜಾಗ ಖಾಲಿ. ಹಳ್ಳಿಯ ಕಾಲೇಜಿನಲ್ಲಿ ಹೆಣ್ಣುಮಗಳೊಬ್ಬಳು ಬರುವುದು ನಿಂತರೆ ಯಾರೂ ಬೆಚ್ಚಿಬೀಳುವುದಿಲ್ಲ. ಮದುವೆ ಗೊತ್ತಾಗಿರಬೇಕು ಎಂದು ಸ್ಟಾಫ್‌ರೂಮಿನಲ್ಲಿ ಒಬ್ಬರೆಂದರು. ತಿಪ್ಪೇಶರೂ ಹಾಗೆಂದೇ ತಿಳಿದರು. ಹಾಗೆ ತಿಳಿಯುವುದು ಅನುಕೂಲವಾಗಿತ್ತು.

ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಪಕ್ಕದ ಹಾರೆಯ ರಂಗಯ್ಯ, ಕೈ ನಿಲ್ಲಿಸದೆಯೇ ಮಾತು ತೆಗೆದರು. ಐವತ್ತು ದಾಟಿದ ಅವರಿಗೆ ಓದು ಬರುವುದಿಲ್ಲ. ತಿಪ್ಪೇಶ್‌ಗೆ ಹಾರೆಯ ಮೇಲೆ ಕಾಯಿ ಕೂರಿಸುವುದನ್ನು ಕಲಿಸಿದವರೇ ಅವರು.

"ಲೇ ಜುಂಜ, ನನ್ ಮಗಳು ಮಂಗಳಾ ಕಾಲೇಜಿಗೆ ಹೋಗಲ್ಲ ಅಂತ ಕುಂತವ್ಳೆ ಕಣಲೇ. ಯಾವನೋ ಮೇಷ್ಟ್ರು ಕಾಯಿ ಸುಲಿಯಾಕೆ ಹೋಗು ಅಂದನಂತೆ. ನಮ್ ಕೆಲ್ಸ ಅಷ್ಟು ಕೀಳೈತೇನಪ್ಪ?"

ತಿಪ್ಪೇಶ್ ಕುಕ್ಕಿದ ಕಾಯಿ ಜಾರಿತು, ಹಾರೆಯ ಚೂಪು ಹೆಬ್ಬೆರಳಿನ ಬುಡಕ್ಕೆ ತಾಗಿತು. ರಂಗಯ್ಯ ತಮ್ಮ ಟವೆಲ್ಲಿನ ಅಂಚು ಹರಿದು ಕಟ್ಟಿದರು, "ಗ್ಯಾನ ಎಲ್ಲೈತೋ ನಿಂಗೆ" ಎಂದು ಗದರಿದರು. ರಂಗಯ್ಯನವರ ಮಗಳು ಎಲ್ಲಿ ಓದುತ್ತಾಳೆಂದು ನಾಲ್ಕು ವರ್ಷದಲ್ಲಿ ತಿಪ್ಪೇಶ್ ಕೇಳಿರಲಿಲ್ಲ. ಆ ದಿನ ಬಾಯಿ ಬಿಡಲಿಲ್ಲ. ಮಾರನೆಯ ದಿನವೂ ಬಿಡಲಿಲ್ಲ. ಕಾಲೇಜಿನಲ್ಲಿ ಹಾಜರಿ ಪುಸ್ತಕ ತೆರೆದು ಎಣಿಸಿದರು. ಆ ಹುಡುಗಿ ಇನ್ನು ಆರು ದಿನ ತಪ್ಪಿಸಿದರೆ ಹಾಜರಾತಿ ಸಾಲದೆ ಪರೀಕ್ಷೆಗೆ ಕೂರುವಂತಿರಲಿಲ್ಲ. ಅಷ್ಟು ತಿಳಿದ ಮೇಲೂ ಒಂದು ದಿನ ಸುಮ್ಮನಿದ್ದರು. ಈ ಬರಹದಲ್ಲಿ ಬೇರೇನು ಬಿಟ್ಟರೂ ಆ ಒಂದು ದಿನವನ್ನು ಬಿಡಬಾರದೆಂದು ಅವರೇ ಹೇಳಿದ್ದಾರೆ.

ಐದು ದಿನ ಉಳಿದಾಗ ಟವೆಲ್ಲು ಬಿಚ್ಚಿದರು. "ಆ ಮೇಷ್ಟ್ರು ನಾನೇ, ರಂಗಣ್ಣ. ನನ್ ಹೆಸರು ಜುಂಜೇಶ್ ಅಲ್ಲ."

ಬೈಗುಳ ಬರುತ್ತದೆಂದುಕೊಂಡಿದ್ದರು, ಏಟು ಬಿದ್ದರೂ ಸರಿ ಎಂದುಕೊಂಡಿದ್ದರು. ರಂಗಯ್ಯ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು. ಆಮೇಲೆ ಖಾಲಿ ಗೋಣಿಚೀಲವೊಂದನ್ನು ಕೊಡವಿ ನೆಲಕ್ಕೆ ಹಾಸಿದರು. "ಕುಂತ್ಕಳ್ರಿ, ಮೇಷ್ಟ್ರೇ."

"ನಾಲ್ಕು ವರ್ಷ ಲೇ ಅಂತಿದ್ದೋರು ಒಂದೇ ಸಲಕ್ಕೆ ಬಹುವಚನ ಹಚ್ಚಿಬಿಟ್ರು," ಎನ್ನುತ್ತಾರೆ ತಿಪ್ಪೇಶ್. "ಕಪಾಳಕ್ಕೆ ಹೊಡೆದಿದ್ರೆ ತಡ್ಕಂತಿದ್ದೆ."

ರಂಗಯ್ಯನವರ ಮನೆ ಶೆಡ್ಡಿನ ಹಿಂದಿನ ಬೀದಿಯಲ್ಲಿದೆ. ಇಬ್ಬರೂ ಹೋದಾಗ ಮಂಗಳಾ ಮುಂಬಾಗಿಲಲ್ಲಿ ಬಿಂದಿಗೆ ಬೆಳಗುತ್ತಿದ್ದಳು. ತಿಪ್ಪೇಶ್ ತಪ್ಪಾಯಿತು ಎಂದರು. ಅವಳು ಬಿಂದಿಗೆ ಬಿಟ್ಟು ಎದ್ದು ನಿಂತಳು, ಕ್ಲಾಸಿನಲ್ಲಿ ನಿಂತ ಹಾಗೆಯೇ. ಆದರೆ ಈ ಸಲ ಸುಮ್ಮನಿರಲಿಲ್ಲ.

"ನೀವು ಬೈದಿದ್ದಕ್ಕೆ ನಾನು ಬಿಟ್ಟಿದ್ದಲ್ಲ ಸಾರ್. ಅಪ್ಪಂಗೆ ಅಷ್ಟೇ ಹೇಳಿದ್ದೆ. ನೀವು ಎಲ್ಲೋ ಕಾಯಿ ಸುಲೀತೀರ ಅಂತ ನಂಗೆ ದಸರಾ ರಜೆಗಿಂತ ಮುಂಚೇನೇ ಗೊತ್ತಿತ್ತು. ನಿಮ್ ಉಗುರಿನಾಗೆ ಇರೋ ಕರೆ ನಮ್ಮಪ್ಪನ ಉಗುರಿನಾಗೂ ಐತೆ. ಅಷ್ಟು ಓದಿದ ನೀವೂ ಅಲ್ಲಿಗೇ ಬಂದು ನಿಂತಿದ್ದೀರಿ. ಮತ್ತೆ ನಾನ್ಯಾಕೆ ಎರಡು ಬಸ್ ಬದಲಾಯಿಸ್ಲಿ? ಹೇಳಿ ಸಾರ್."

ಓದಿದರೆ ಕೆಲಸ ಸಿಗುತ್ತದೆ ಎಂದು ಹೇಳಲು ಅರ್ಥಶಾಸ್ತ್ರದ ಮೇಷ್ಟ್ರಿಗೆ ಬಾಯಿ ಬರಲಿಲ್ಲ. ನಾಳೆ ಕ್ಲಾಸಿನಲ್ಲಿ ಇದನ್ನು ಹೇಳುತ್ತೇನೆ, ನೀನಿರಲಿ ಇಲ್ಲದಿರಲಿ, ಎಂದಷ್ಟೇ ಹೇಳಿ ಬಂದರು.

ಮಾರನೆಯ ದಿನ ಬೋರ್‌ವೆಲ್ ಹತ್ತಿರ ಬೈಕು ನಿಲ್ಲಿಸಲಿಲ್ಲ. ಕಂದು ಕೈಯಲ್ಲೇ ಹಾಜರಿ ಪುಸ್ತಕ ಹಿಡಿದರು. ಎರಡೂ ಅಂಗೈ ಮಕ್ಕಳ ಕಡೆ ತಿರುಗಿಸಿ, ನಾನು ದಿನಾ ಬೆಳಿಗ್ಗೆ ಕಾಯಿ ಸುಲಿಯುತ್ತೇನೆ, ಅವತ್ತು ಆ ಹುಡುಗಿಗೆ ಅಂದದ್ದು ತಪ್ಪು, ನಿಮ್ಮನ್ನು ನಗಿಸಿದ್ದು ಇನ್ನೂ ದೊಡ್ಡ ತಪ್ಪು ಎಂದರು. ಒಬ್ಬರೂ ನಗಲಿಲ್ಲ. ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರು ತಲೆ ಬಗ್ಗಿಸಿ ತಮ್ಮ ಕೈಗಳನ್ನೇ ನೋಡಿಕೊಂಡರು. ಒಬ್ಬ ದಾಳಿಂಬೆ ತೋಟಕ್ಕೆ ಔಷಧಿ ಹೊಡೆದು ಬರುವವನು, ಇನ್ನೊಬ್ಬ ಹಿರಿಯೂರಿನ ಹೆದ್ದಾರಿ ಹೋಟೆಲಿನಲ್ಲಿ ವಾರದ ಕೊನೆಗೆ ತಟ್ಟೆ ತೊಳೆಯುವವನು ಎಂದು ಆಮೇಲೆ ತಿಳಿಯಿತು. ಒಂಬತ್ತು ವರ್ಷದಲ್ಲಿ ಅವರು ಯಾವ ಮಗುವನ್ನೂ ನೀನೇನು ಕೆಲಸ ಮಾಡಿ ಬರುತ್ತೀಯ ಎಂದು ಕೇಳಿರಲಿಲ್ಲ.

ಅಂದು ಮಂಗಳಾ ಬರಲಿಲ್ಲ. ಮರುದಿನವೂ ಬರಲಿಲ್ಲ. ಮತ್ತೊಂದು ದಿನ ಹೋಯಿತು. ಒಂದೇ ದಿನ ಉಳಿದಿದ್ದಾಗ, ತಿಪ್ಪೇಶ್ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದ ಹೊತ್ತಿಗೆ ಬೆಂಚು ಕಿರುಗುಟ್ಟಿತು. ಅವಳು ಕೂತಳು, ಪುಸ್ತಕ ತೆಗೆದಳು, ಕೈ ಎತ್ತಿದಳು.

"ಸಾರ್, ನೀವು ಬೆಳಿಗ್ಗೆ ಎಷ್ಟು ಸುಲೀತೀರ?"

"ನಾನೂರು."

"ನಮ್ಮಪ್ಪ ಆರುನೂರು ಸಾರ್."

ಕ್ಲಾಸು ನಕ್ಕಿತು. ಈ ನಗು ತಮಗೆ ಸಲ್ಲಬೇಕಾದದ್ದೇ ಎಂದು ತಿಪ್ಪೇಶ್ ಒಪ್ಪಿಕೊಂಡು ನಿಂತರು.

ಈಗ ಬೆಳಿಗ್ಗೆ ಆರೂವರೆಗೆ ಮಂಗಳಾ ಅಪ್ಪನಿಗೆ ಟೀ ತರುತ್ತಾಳೆ. ಮಟ್ಟೆಯ ರಾಶಿಯ ಮೇಲೆ ಕೂತು ಅರ್ಧ ಗಂಟೆ ಪಾಠ ಓದುತ್ತಾಳೆ. ತಪ್ಪಿದಲ್ಲಿ ಮೂಲೆಯ ಹಾರೆಯಿಂದ ತಿದ್ದುಪಡಿ ಬರುತ್ತದೆ. ಆ ಏಳೂ ಜನರಿಗೆ ಈಗ ಬೇಡಿಕೆ ಪೂರೈಕೆ ಬಾಯಿಪಾಠ. ಎರಡು ಬಸ್ಸಿನ ಪ್ರಶ್ನೆಗೆ ಉತ್ತರ ಸಿಕ್ಕಿತೇ ಎಂದು ಕೇಳಿದರೆ ತಿಪ್ಪೇಶ್ ತಲೆಯಾಡಿಸುತ್ತಾರೆ. "ಇಲ್ಲ. ಅವಳಿಗೂ ಇಲ್ಲ ಅಂತಾನೇ ಹೇಳಿದ್ದೀನಿ. ಉತ್ತರ ಕೊಡಬೇಕಾದೋರು ಬೇರೆ ಯಾರೋ ಅವ್ರೆ." ರಂಗಯ್ಯ ಇನ್ನೂ ಬಹುವಚನ ಬಿಟ್ಟಿಲ್ಲ. ಮತ್ತೆ ಲೇ ಅನ್ನಿ ಎಂದು ಕೇಳಿಕೊಂಡರೂ ಬಿಟ್ಟಿಲ್ಲ.

ಈ ಬರಹಕ್ಕೆ ಹೆಸರು ಬೇಡ, ಫೋಟೋದಲ್ಲಿ ಕೈ ಮಾತ್ರ ಇರಲಿ ಎಂದು ಮೊದಲು ಅಂದಿದ್ದರು. ತಾಳ್ಯದಲ್ಲಿ ಭಾನುವಾರದ ಪೇಪರನ್ನು ಪಕ್ಕದ ಮನೆಯವರು ತಾಯಿಗೆ ಓದಿ ಹೇಳುತ್ತಾರೆ, ಅದೇ ಅಂಜಿಕೆ. ಹಾರೆ ಬಿಟ್ಟು ಹೊರಡುತ್ತ ಮನಸ್ಸು ಬದಲಾಯಿಸುತ್ತಾರೆ.

"ಶನಿವಾರ ಸಂಜೆ ನಾನೇ ಹೋಗಿ ಅವ್ವಂಗೆ ಹೇಳ್ತೀನಿ. ಹೆಸರು ಹಾಕ್ರಿ. ತಿಪ್ಪೇಶ್, ಎಂ.ಎ., ಬಿ.ಇಡಿ., ಕಾಯಿ ಸುಲಿಯೋನು ಅಂತಾನೇ ಹಾಕ್ರಿ." ಬೈಕು ಹತ್ತಿದವರು ಮತ್ತೆ ಇಳಿದು ಬರುತ್ತಾರೆ. "ನಾನೂರು ಅಂತಾನೇ ಬರೀರಿ, ಜಾಸ್ತಿ ಬರೀಬೇಡ್ರಿ. ಆರುನೂರು ರಂಗಣ್ಣಂದು."