ಇಪ್ಪತ್ತಕ್ಕೆ ಇಪ್ಪತ್ತು

ಭದ್ರಮ್ಮನ ವಿಷಯ ಹೇಳಬೇಕಾದರೆ ಮೊದಲು ಅವಳ ಬೆರಳುಗಳ ವಿಷಯ ಹೇಳಬೇಕು. ಹೊಗೆಸೊಪ್ಪಿನ ಒಂದು ಎಲೆಯನ್ನು ತುದಿಯಿಂದ ತೊಟ್ಟಿನವರೆಗೆ ಒಂದು ಸಲ ಸವರಿದರೆ ಸಾಕು. ಅದು ಗಿಡದ ಬುಡದ್ದೋ ನಡುವಿನದೋ, ಬ್ಯಾರನ್ ಗೂಡಿನಲ್ಲಿ ತೂಗುಹಾಕಿ ಬೇಯಿಸುವಾಗ ಬೆಂಕಿ ಜಾಸ್ತಿ ಆಯಿತೋ ಕಮ್ಮಿ ಆಯಿತೋ, ಯಾವ ದರ್ಜೆಗೆ ಹೋಗಬೇಕು, ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ಈ ವಿದ್ಯೆ ಬಂದದ್ದು ಅವಳ ಅವ್ವ ಪುಟ್ಟಸಿದ್ದಮ್ಮನಿಂದ. ಬೆಟ್ಟದಪುರದ ಹತ್ತಿರದ ಅವರ ಊರಿನಲ್ಲಿ ಮನೆಮನೆಗೂ ಬ್ಯಾರನ್ ಇದ್ದರೂ ಬೆಂದ ಸೊಪ್ಪನ್ನು ದರ್ಜೆವಾರು ಬೇರ್ಪಡಿಸುವ ದಿನ ಎಲ್ಲರೂ ಪುಟ್ಟಸಿದ್ದಮ್ಮನನ್ನೇ ಕರೆಯುತ್ತಿದ್ದರು. ಅವಳು ಎಡಚಿ. ಹಾಗಾಗಿ ಒಂದೇ ದರ್ಜೆಯ ಎಲೆಗಳನ್ನು ಕಟ್ಟು ಮಾಡಿ, ತೊಟ್ಟಿನ ಹತ್ತಿರ ಇನ್ನೊಂದು ಎಲೆ ಸುತ್ತಿ ಬಿಗಿಯುವಾಗ ಸುತ್ತು ಎಡಕ್ಕೆ ಹೋಗುತ್ತಿತ್ತು. ಮಗಳು ಬಲಗೈಯವಳಾದರೂ ಅವ್ವನ ಸುತ್ತನ್ನೇ ಕಲಿತಳು.

ಹುಣಸೂರು ರಸ್ತೆಯ ಆ ದೊಡ್ಡ ತಂಬಾಕು ಕಂಪನಿಯಲ್ಲಿ ಭದ್ರಮ್ಮನದು ಹತ್ತೊಂಬತ್ತು ಸೀಜನ್. ಸೀಜನ್ ಎಂದರೆ ದಸರಾದಿಂದ ಯುಗಾದಿವರೆಗೆ. ಯುಗಾದಿ ಮುಗಿಯುತ್ತಿದ್ದಂತೆ ಗೇಟಿನಲ್ಲಿ ಚೀಟಿ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ, ದಸರಾ ಬಂದರೆ ಹೊಸ ಚೀಟಿ ಬರೆಯುತ್ತಾರೆ. ಹತ್ತೊಂಬತ್ತು ವರ್ಷ ದುಡಿದವಳು ಕಂಪನಿಯ ಕಾಗದದಲ್ಲಿ ಪ್ರತಿ ವರ್ಷವೂ ಹೊಸಬಳೇ. ನಾಚಿಕೆ ಅನ್ನುವುದು ಇದ್ದವರು ಮಾಡುವ ಕೆಲಸವೇ ಇದು? ಪರ್ಮನೆಂಟ್ ಆದವರಿಗೆ ಫೋಟೋ ಇರುವ ಕಾರ್ಡು, ಕೊರಳಿಗೆ ನೀಲಿ ಪಟ್ಟಿ. ಇವಳಿಗೆ ಮಾತ್ರ ಬೆವರಿಗೆ ನೆನೆದು ಹರಿಯುವ ಕಾಗದದ ಚೀಟಿ.

ಹಾಗಂತ ಅವಳಿಲ್ಲದೆ ಅಲ್ಲಿ ಕೆಲಸ ನಡೆಯುತ್ತಿತ್ತೇ? ಕೇಳಿ. ಗ್ರೇಡಿಂಗ್ ಹಾಲಿನಲ್ಲಿ ನಲವತ್ತು ಹೆಂಗಸರು ಸಾಲು ಮೇಜಿನ ಮುಂದೆ ನಿಂತು ಸೊಪ್ಪು ಬೇರ್ಪಡಿಸುತ್ತಾರೆ. ಅವರ ತಲೆಯ ಮೇಲೆ ಒಂದು ತಂತಿ, ತಂತಿಯಲ್ಲಿ ಹನ್ನೆರಡು ಮಾದರಿ ಕಟ್ಟುಗಳು, ದರ್ಜೆಗೊಂದು. ಕೈಯಲ್ಲಿರುವ ಎಲೆ ಯಾವ ಗುಡ್ಡೆಗೆ ಎಂದು ಅನುಮಾನ ಬಂದರೆ ತಲೆ ಎತ್ತಿ ಕಟ್ಟು ನೋಡಬೇಕು. ಹಳೆಯ ಸೊಪ್ಪು ಬಣ್ಣ ಬಿಡುವುದರಿಂದ ಪ್ರತಿ ಸೀಜನ್ನಿನ ಮೊದಲ ವಾರ ಹೊಸ ಕಟ್ಟು ಕಟ್ಟಬೇಕು. ಅದನ್ನು ಕಟ್ಟುತ್ತಿದ್ದವಳು ಭದ್ರಮ್ಮ. ಕಟ್ಟು ಎಂದು ಯಾರೂ ಹೇಳಿರಲಿಲ್ಲ, ಕಟ್ಟಿದ್ದಕ್ಕೆ ಯಾರೂ ಭೇಷ್ ಅಂದಿರಲಿಲ್ಲ. ಐದನೇ ಸೀಜನ್ನಿನಲ್ಲಿ ಹೊಸ ಹುಡುಗಿಯರು ಒದ್ದಾಡುವುದನ್ನು ನೋಡಲಾರದೆ ತಾನೇ ಶುರು ಮಾಡಿದ್ದಳು.

ಈ ವರ್ಷ ನೋಟಿಸ್ ಬೋರ್ಡಿನಲ್ಲಿ ಒಂದು ಕಾಗದ ಅಂಟಿತು. ಗ್ರೇಡಿಂಗ್ ಹಾಲಿಗೆ ಒಬ್ಬ ಪರ್ಮನೆಂಟ್ ಇನ್‌ಸ್ಪೆಕ್ಟರ್ ಬೇಕು. ಏಳನೇ ತರಗತಿ ಪಾಸಾಗಿದ್ದರೆ ಸಾಕು, ವಯಸ್ಸು ನಲವತ್ತೈದು ದಾಟಿರಬಾರದು, ಕೈಕೆಲಸದ ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆದವರಿಗೆ ಕೆಲಸ. ಭದ್ರಮ್ಮನಿಗೆ ನಲವತ್ತನಾಲ್ಕು ತುಂಬಿತ್ತು. ಮುಂದಿನ ಸಲ ಎಂಬುದು ಅವಳಿಗೆ ಇರಲಿಲ್ಲ.

ಆ ಕಂಪನಿಯಲ್ಲಿ ಕೆಲಸ ಹೇಗೆ ಸಿಗುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಗೇಟು ಕಾಯಲು ಕ್ಯಾಂಟೀನ್ ಕಂಟ್ರಾಕ್ಟರನ ಅಳಿಯ ಬಂದ. ತೂಕದ ಕೋಣೆಗೆ ಯೂನಿಯನ್ ಲೀಡರನ ತಮ್ಮ ಬಂದ, ಅವನಿಗೆ ಕನ್ನಡಕ ಹಾಕಿದರೂ ತಕ್ಕಡಿಯ ಮುಳ್ಳು ಕಾಣಿಸುವುದಿಲ್ಲ. ಆದರೂ ಇದು ಸೊಪ್ಪಿನ ಪರೀಕ್ಷೆ, ಇಲ್ಲಿ ಯಾರ ಮಾವನೂ ಏನೂ ಮಾಡಲಾಗದು ಎಂದುಕೊಂಡಳು. ಅಲ್ಲೇ ಅವಳು ಎಡವಿದ್ದು.

ಪರೀಕ್ಷೆಗೆ ಎಂಟು ದಿನ ಮುಂಚೆ ಮ್ಯಾನೇಜರ್ ನಟರಾಜು ಅವಳನ್ನು ಕರೆಸಿ, ಹೆಡ್ ಆಫೀಸಿನವರು ನೋಡಲು ಬರುತ್ತಾರೆ, ಬೇರೆ ಬೇರೆ ದರ್ಜೆಯ ಇಪ್ಪತ್ತು ಕಟ್ಟು ಕಟ್ಟಿ ನಂಬರ್ ಹಾಕಿ, ದರ್ಜೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಡು ಎಂದ. ಭೇರ್ಯದ ಕಡೆಯ ಈ ನಟರಾಜು ಗುಮಾಸ್ತನಾಗಿ ಬಂದ ಹೊಸದರಲ್ಲಿ ಅವನಿಗೆ ಒಂದನೇ ದರ್ಜೆ, ಎರಡನೇ ದರ್ಜೆಯ ವ್ಯತ್ಯಾಸ ತೋರಿಸಿಕೊಟ್ಟವಳೂ ಇವಳೇ. ಮಧ್ಯಾಹ್ನದ ಊಟ ಬಿಟ್ಟು ಕಟ್ಟಿದಳು, ಗುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಳು. ನಟರಾಜು ಎಲ್ಲವನ್ನೂ ಆಫೀಸಿನ ಕಿಟಕಿಯ ಕೆಳಗೆ ಸಾಲಾಗಿ ಇಡಿಸಿದ. ಆ ವಾರವೆಲ್ಲ ಚಿತ್ತೆ ಮಳೆ ಹಿಡಿದು ಹೊಡೆಯಿತು.

ಪರೀಕ್ಷೆಯ ದಿನ ಹನ್ನೊಂದು ಜನ ಇದ್ದರು. ಹತ್ತು ಜನ ಗ್ರೇಡಿಂಗ್ ಹಾಲಿನವರೇ. ಹನ್ನೊಂದನೆಯವನು ಕೆ.ಆರ್. ನಗರದ ಧರ್ಮೇಂದ್ರ, ಇಪ್ಪತ್ತನಾಲ್ಕು ವರ್ಷದ ಹುಡುಗ, ನಟರಾಜುವಿನ ಅಕ್ಕನ ಮಗ. ಇಸ್ತ್ರಿ ಮಾಡಿದ ಶರ್ಟು, ಬಿಳಿ ಶೂಸು. ಉದ್ದ ಮೇಜಿನ ಮೇಲೆ ಇಪ್ಪತ್ತು ಕಟ್ಟು ಜೋಡಿಸಿದ್ದರು, ನೋಡುತ್ತ ಹೋಗಿ ದರ್ಜೆ ಬರೆಯಬೇಕು. ಮೊದಲನೆಯ ಕಟ್ಟನ್ನು ಕೈಗೆ ತೆಗೆದುಕೊಂಡ ಭದ್ರಮ್ಮನಿಗೆ ತೊಟ್ಟಿನ ಹತ್ತಿರ ಎಡಕ್ಕೆ ಹೋದ ಸುತ್ತು ಕಾಣಿಸಿತು. ಇವು ತಾನೇ ಕಟ್ಟಿದವು! ಯಾವ ನಂಬರಿಗೆ ಏನು ಬರೆದಿದ್ದಳೆಂಬುದೂ ನೆನಪಿನಲ್ಲಿತ್ತು. ಸುಮ್ಮನೆ ಅದನ್ನೇ ಮತ್ತೆ ಬರೆದಿದ್ದರೆ ಮುಗಿದುಹೋಗುತ್ತಿತ್ತು.

ಆದರೆ ಏಳನೆಯ ಕಟ್ಟು ಎತ್ತಿದಾಗ ಕೈಗೆ ಥಂಡಿ ತಗುಲಿತು. ಬಿಡಿಸಿ ನೋಡಿದರೆ ಎಲೆಯ ನಡುನರದ ಉದ್ದಕ್ಕೂ ಬೂಷ್ಟು. ಕಿಟಕಿಯ ನೀರು ಇಳಿದಿತ್ತು. ಹದಿನೈದನೆಯದೂ ಹಾಗೇ. ಎಂಟು ದಿನದ ಹಿಂದೆ ಎರಡೂ ಒಂದನೇ ದರ್ಜೆಯ ಬಂಗಾರದಂಥ ಸೊಪ್ಪು. ಈಗ ಚರಂಡಿಗೆ ಎಸೆಯುವ ಮಾಲು. ಕಣ್ಣೆದುರು ಇರುವುದನ್ನು ಬಿಟ್ಟು ನೆನಪಿನಲ್ಲಿ ಇರುವುದನ್ನು ಬರೆಯುವ ವಿದ್ಯೆಯನ್ನು ಪುಟ್ಟಸಿದ್ದಮ್ಮ ಮಗಳಿಗೆ ಕಲಿಸಿರಲಿಲ್ಲ. ಎರಡಕ್ಕೂ 'ಬೂಷ್ಟು, ತಳ್ಳಬೇಕು' ಎಂದು ಬರೆದಳು.

ಶನಿವಾರ ಬೋರ್ಡಿನಲ್ಲಿ ಅಂಕ ಬಿತ್ತು. ಭದ್ರಮ್ಮ ಇಪ್ಪತ್ತಕ್ಕೆ ಹದಿನೆಂಟು. ಧರ್ಮೇಂದ್ರ ಇಪ್ಪತ್ತಕ್ಕೆ ಇಪ್ಪತ್ತು.

ಅವಳ ಪಕ್ಕದ ಮೇಜಿನ ರೂಪಶ್ರೀಯೂ ಪರೀಕ್ಷೆ ಬರೆದವಳೇ, ಸಾಲಿನಲ್ಲಿ ಆ ಹುಡುಗನ ಹಿಂದೆಯೇ ಇದ್ದವಳು. "ಭದ್ರಕ್ಕ, ಅವ್ನು ಒಂದ್ ಎಲೆನೂ ಮುಟ್ಲಿಲ್ಲ ಕಣಕ್ಕ. ಅಂಗೈಲಿ ಗೀಚ್ಕಂಡ್ ಬಂದಿದ್ದು ನೋಡ್ಕಂಡೇ ಬರ್ದ" ಎಂದಳು. ಭದ್ರಮ್ಮನ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತಕ್ಕೆ ಇಪ್ಪತ್ತು! ಮೂಗು ಇದ್ದ ಯಾರಿಗೂ ಆ ದಿನ ಇಪ್ಪತ್ತಕ್ಕೆ ಇಪ್ಪತ್ತು ಬರಲು ಸಾಧ್ಯವೇ ಇರಲಿಲ್ಲ. ಬರುವುದಿದ್ದರೆ ಎಂಟು ದಿನದ ಹಿಂದೆ ತಾನು ಬರೆದ ಹಾಳೆಯಿಂದಲೇ ಬರಬೇಕು.

ಪರೀಕ್ಷೆಯ ಮೇಜು ಇನ್ನೂ ಹಾಗೇ ಇತ್ತು. ಏಳನೆಯ ಕಟ್ಟನ್ನು ಎತ್ತಿಕೊಂಡು ನೆಟ್ಟಗೆ ನಟರಾಜುವಿನ ಕೋಣೆಗೆ ಹೋದಳು. ಬಾಗಿಲು ತಟ್ಟಲೂ ಇಲ್ಲ.

"ಇದನ್ನ ಒಸಿ ಮೂಸಿ ನೋಡಿ ಸಾರ್" ಎಂದು ಮೇಜಿನ ಮೇಲಿಟ್ಟಳು.

ನಟರಾಜು ಮೂಸಲಿಲ್ಲ. ಡ್ರಾಯರಿನಿಂದ ಒಂದು ಹಾಳೆ ತೆಗೆದು ಅವಳ ಕಡೆ ತಿರುಗಿಸಿದ. ಅವಳದೇ ಗುಂಡಗಿನ ಅಕ್ಷರ. "ಏಳ್ನೇದು ಒಂದನೇ ದರ್ಜೆ ಅಂತ ಐತೆ. ಬರ್ದಿರೋದ್ ಯಾರು? ನೀನೇ ತಾನೆ?"

"ನಾನ್ ಬರ್ದಾಗ ಅದು ಒಂದನೇ ದರ್ಜೆನೇ ಆಗಿತ್ತು. ನೀವು ನೀರ್ ಸೋರೋ ಜಾಗದಲ್ಲಿ ಇಟ್ರಿ, ಬೂಷ್ಟು ಬಂತು. ಬೂಷ್ಟು ಸೊಪ್ಪನ್ನ ಒಂದನೇ ದರ್ಜೆ ಅಂತ ಬರ್ದೋನಿಗೆ ಕೆಲ್ಸ ಕೊಡ್ತೀರಾ?"

ನಟರಾಜು ಹಾಳೆಯನ್ನು ಮತ್ತೆ ಡ್ರಾಯರಿಗೆ ಸೇರಿಸಿದ. ಉತ್ತರದ ಹಾಳೆ ಬದಲಾಯಿಸಲು ತನಗೆ ಅಧಿಕಾರವಿಲ್ಲ, ಅಂಕವೆಂದರೆ ಅಂಕ, ಆಗಲೇ ಮೇಲಿನವರ ಸಹಿಯೂ ಬಿದ್ದಾಯಿತು ಎಂದ. ಆಮೇಲೆ ದನಿ ಇಳಿಸಿ, ಸೀಜನ್ ಚೀಟಿಗೆ ಮಾತ್ರ ಯಾವತ್ತೂ ಮೋಸವಿಲ್ಲ, ತಾನಿದ್ದೇನೆ ಎಂದು ಮೂಗಿಗೆ ತುಪ್ಪ ಸವರಿದ. ಕೊನೆಗೆ ನಗುತ್ತ ಹೇಳಿದ: "ಹುಡುಗ ಹೊಸಬ. ಎರಡು ತಿಂಗ್ಳು ಅವನ ಪಕ್ಕ ನಿಂತ್ಕಂಡು ಹೇಳ್ಕೊಡಮ್ಮ."

ಎಷ್ಟು ಕೊಬ್ಬಿರಬೇಕು ನೋಡಿ! ಕೆಲಸ ಕಿತ್ತುಕೊಂಡವನಿಗೆ ಕೆಲಸವನ್ನೂ ಇವಳೇ ಕಲಿಸಬೇಕಂತೆ. ಭದ್ರಮ್ಮ ಬೂಷ್ಟಿನ ಕಟ್ಟನ್ನು ಅವನ ಮೇಜಿನ ಮೇಲೇ ಬಿಟ್ಟು ಹೊರಗೆ ಬಂದಳು.

ಸೋಮವಾರ ಬೆಳಿಗ್ಗೆ ಧರ್ಮೇಂದ್ರ ನೀಲಿ ಪಟ್ಟಿಯ ಕಾರ್ಡು ಕೊರಳಿಗೆ ಹಾಕಿಕೊಂಡು ಹಾಲಿಗೆ ಬಂದ. ನಟರಾಜು ಜೊತೆಗೇ ಬಂದು, ಇನ್ನು ಮುಂದೆ ಇವರೇ ನಿಮ್ಮ ಇನ್‌ಸ್ಪೆಕ್ಟರ್ ಎಂದು ನಲವತ್ತು ಹೆಂಗಸರಿಗೆ ಪರಿಚಯ ಮಾಡಿಸಿದ. ಭದ್ರಮ್ಮ ಒಂದು ಸ್ಟೂಲು ಎಳೆದು ಹತ್ತಿದಳು. ತಂತಿಯಿಂದ ಮೊದಲನೆಯ ಮಾದರಿ ಕಟ್ಟನ್ನು ಇಳಿಸಿ, ಎಡಗೈ ಸುತ್ತನ್ನು ಬಿಚ್ಚಿ ಎಲೆಗಳನ್ನು ಮೇಜಿನ ಮೇಲೆ ಸುರಿದಳು. ಆಮೇಲೆ ಎರಡನೆಯದು. ಮೂರನೆಯದು. ಹೆಂಗಸರ ಕೈಗಳೆಲ್ಲ ನಿಂತುಹೋದವು.

"ಏನಮ್ಮ ಮಾಡ್ತಿದ್ದೀಯ? ಕಂಪನಿ ಮಾಲು ಅದು" ಎಂದು ನಟರಾಜು ಮುಂದೆ ಬಂದ.

"ಸೊಪ್ಪು ಕಂಪನಿದು ಸಾರ್, ಇಲ್ಲೇ ಐತೆ. ಒಂದ್ ಎಲೆನೂ ತಗಂಡ್ ಓಗಲ್ಲ. ಕಟ್ಟಿದ್ದು ನಾನು, ಬಿಚ್ತಾ ಇವ್ನಿ" ಎಂದಳು ಭದ್ರಮ್ಮ. ದನಿ ಏರಲಿಲ್ಲ. "ಇಪ್ಪತ್ತಕ್ಕೆ ಇಪ್ಪತ್ತು ತಗಂಡವ್ರು ಬಂದವ್ರಲ್ಲ, ಅವ್ರೇ ಕಟ್ಲಿ."

ಹನ್ನೆರಡನ್ನೂ ಬಿಚ್ಚಿದಳು. ಹನ್ನೆರಡು ದರ್ಜೆಯ ಸೊಪ್ಪನ್ನು ಎರಡೂ ಕೈಯಲ್ಲಿ ಕಲಸಿ ಒಂದೇ ಗುಡ್ಡೆ ಮಾಡಿದಳು. ಸೆರಗಿನ ಗಂಟಿನಿಂದ ಸೀಜನ್ ಚೀಟಿ ತೆಗೆದು ಗುಡ್ಡೆಯ ಮೇಲಿಟ್ಟಳು. ನಟರಾಜು ಒಂದು ಸಲ ಬರಿದಾದ ತಂತಿ ನೋಡಿದ, ಒಂದು ಸಲ ಅಕ್ಕನ ಮಗನನ್ನು ನೋಡಿದ. ರೂಪಶ್ರೀ ತನ್ನ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು.

ಧರ್ಮೇಂದ್ರ ಗುಡ್ಡೆಯಿಂದ ಒಂದು ಎಲೆ ಎತ್ತಿದ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಮಾವನಿಗೆ ಕೇಳಿಸದ ಹಾಗೆ, "ಅಕ್ಕ, ಇದು ಯಾವ್ ದರ್ಜೆ?" ಎಂದ.

ಭದ್ರಮ್ಮನ ಬಲಗೈ ತನ್ನಷ್ಟಕ್ಕೆ ತಾನೇ ಎಲೆಯ ಕಡೆಗೆ ಏಳತೊಡಗಿತು. ಅದನ್ನು ಸೆರಗಿನೊಳಕ್ಕೆ ಎಳೆದುಕೊಂಡಳು. ಅದು ಮೂರನೇ ದರ್ಜೆಯ ಎಲೆ, ಬುಡದ ಸೊಪ್ಪು, ಕಡೇ ದಿನ ಬೆಂಕಿ ಒಸಿ ಜಾಸ್ತಿ ಆಗಿದ್ದು. ಹೇಳದೆ ಗೇಟಿನ ಕಡೆ ನಡೆದಳು.